ಬಾಲ್ ಮಿಲ್‌ನಲ್ಲಿ ಕರೆಂಟ್ ದಂಡ ಆಗದ ಹಾಗೆ ಅದಿರು ಅರೆಯೋದು ಹೇಗೆ

ಬಾಲ್ ಮಿಲ್ (ಒಳಗೆ ಕಬ್ಬಿಣದ ಗುಂಡು ಹಾಕಿ ತಿರುಗಿಸಿ ಅದಿರು ಅರೆಯೋ ಡ್ರಮ್ಮು) ಎಳೆಯೋ ಕರೆಂಟ್‌ನಲ್ಲಿ ಅದಿರು ಒಡೆಯೋಕೆ ನಿಜವಾಗ್ಲೂ ಹೋಗೋದು ತೀರಾ ಸ್ವಲ್ಪ, ಉಳಿದಿದ್ದೆಲ್ಲ ಬಿಸಿ ಮತ್ತೆ ಸದ್ದು. ಅದಕ್ಕೇ ಮೊದ್ಲು ಸ್ಪೀಡ್ ಸರಿ ಮಾಡ್ಕೊಳ್ಳಿ. ಡ್ರಮ್ಮಿನ ಒಳವ್ಯಾಸ ಮೀಟರ್‌ನಲ್ಲಿ ತಗೊಂಡು ಅದರ ವರ್ಗಮೂಲದಿಂದ 42.3ನ್ನ ಭಾಗಿಸಿದ್ರೆ ಕ್ರಿಟಿಕಲ್ ಸ್ಪೀಡ್ ಸಿಗುತ್ತೆ, 3 ಮೀಟರ್ ಮಿಲ್‌ಗೆ ಸುಮಾರು 24 ಆರ್‌ಪಿಎಂ, ಅಷ್ಟರಲ್ಲಿ ಓಡಿಸಿದ್ರೆ ಗುಂಡುಗಳು ಗೋಡೆಗೇ ಅಂಟ್ಕೊಂಡು ಸುತ್ತುತ್ವೆ, ಬೀಳೋದೇ ಇಲ್ಲ. ಅದರ 70-75 ಪರ್ಸೆಂಟ್, ಅಂದ್ರೆ 17-18 ಸಾಕು.

ಗುಂಡು ಡ್ರಮ್ಮಿನ 30-40 ಪರ್ಸೆಂಟ್ ತುಂಬಿರ್ಲಿ. ಫೀಡ್, ಅಂದ್ರೆ ಒಳಗೆ ಹಾಕೋ ಅದಿರು, ದಪ್ಪ ಇದ್ರೆ ದೊಡ್ಡ ಗುಂಡು, ನೈಸ್ ಬೇಕಂದ್ರೆ ಸಣ್ಣದು.

ಜಾಸ್ತಿ ಎಡವಟ್ಟಾಗೋದು ನೀರಲ್ಲಿ. ಚಿನ್ನದ ಅದಿರನ್ನ ಚಿನ್ನ ಕರಗಿಸೋ ಸೈನೈಡ್ ಟ್ಯಾಂಕಿಗೆ ಬಿಡೋಕೆ ಮುಂಚೆ ನೀರು ಹಾಕೇ ಅರೀತಾರಲ್ವಾ, ಆಗ ಸ್ಲರಿ (ಅದಿರು-ನೀರಿನ ರಾಡಿ) ತೂಕದಲ್ಲಿ 65-75 ಪರ್ಸೆಂಟ್ ಅದಿರೇ ಇರ್ಬೇಕು, ತೆಳ್ಳಗಾದ್ರೆ ಗುಂಡಿನ ಮೈಮೇಲೆ ಅದಿರು ನಿಲ್ಲಲ್ಲ, ಗುಂಡು ಗುಂಡನ್ನೇ ಕುಟ್ಟಿ ಸವೆಯುತ್ತೆ, ಗಟ್ಟಿಯಾದ್ರೆ ಏಟು ಬೀಳಲ್ಲ. ಖಣಖಣ ಅಂತ ಬರೀ ಕಬ್ಬಿಣದ ಸದ್ದು ಬಂದ್ರೆ ಫೀಡ್ ಕಮ್ಮಿ. ಸದ್ದು ಮಂದವಾಗಿ ಆಂಪ್ಸ್ (ಮೋಟರ್ ಎಳೆಯೋ ಕರೆಂಟ್) ಇಳೀತಾ ಇದ್ರೆ ಖುಷಿಪಡ್ಬೇಡಿ, ಮಿಲ್ ಓವರ್‌ಲೋಡ್ ಆಗಿರ್ಬಹುದು, ಫೀಡ್ ತಕ್ಷಣ ಕಡಿಮೆ ಮಾಡಿ.

ಆಮೇಲೆ ಸೈಕ್ಲೋನ್ (ಅರೆದಿದ್ದರಲ್ಲಿ ನೈಸ್ ಬೇರೆ ಮಾಡಿ ದಪ್ಪದ್ದನ್ನ ವಾಪಸ್ ಅರೆಯೋಕೆ ಕಳ್ಸೋ ಸಾಧನ) ನೋಡ್ಕೊಳ್ಳಿ, ಈಗಾಗ್ಲೇ ನೈಸ್ ಆಗಿರೋದು ವಾಪಸ್ ಮಿಲ್‌ಗೇ ಬರ್ತಿದ್ರೆ ಕರೆಂಟ್ ಸುಮ್ನೆ ದಂಡ.