ಕರಿಬೇವಿನ ಹುಳ ತೆಗೆಯುವುದನ್ನು ಬಿಟ್ಟ ಮೇಲೆ

ಮೈಸೂರಿನ ಪಶ್ಚಿಮ ಭಾಗದ ಒಂದು ಬಡಾವಣೆಯಲ್ಲಿ ನಮ್ಮ ಮನೆಯಿದೆ. ನಿವೇಶನ 40×60 ಅಡಿಯದು. ಮನೆ, ಸಂಪು, ಕಾರು ನಿಲ್ಲಿಸುವ ಜಾಗ ಎಲ್ಲ ಕಳೆದು ಗಿಡಗಳಿಗೆ ಉಳಿದಿರುವುದು ಹಿತ್ತಿಲಿನ ಸುಮಾರು 700 ಚದರಡಿ ಮತ್ತು ಗೇಟಿನ ಪಕ್ಕದ ಒಂದು ಕಿರುಪಟ್ಟಿ. ಈ ಹಿತ್ತಿಲನ್ನು ನಾನು ಬಹಳ ವರ್ಷ ನಮ್ಮ ತಂದೆ ಊರಿನ ಅಂಗಳವನ್ನು ನೋಡಿಕೊಳ್ಳುತ್ತಿದ್ದ ರೀತಿಯಲ್ಲೇ ನೋಡಿಕೊಂಡಿದ್ದೆ: ಉದುರಿದ ಎಲೆಯನ್ನು ಗುಡಿಸಿ ಮೂಲೆಯಲ್ಲಿ ಸುಡುವುದು, ಹೆಸರು ಗೊತ್ತಿಲ್ಲದ ಗಿಡವನ್ನೆಲ್ಲ ಕಳೆಯೆಂದು ಕೀಳುವುದು, ಕರಿಬೇವಿನ ಗಿಡದಲ್ಲಿ ಹುಳ ಕಂಡರೆ ಕಡ್ಡಿಯಿಂದ ಕೆಡವಿ ಚಪ್ಪಲಿಯಲ್ಲಿ ಹೊಸಕುವುದು. ಹಿತ್ತಿಲು ಚೊಕ್ಕಟವಾಗಿತ್ತು. ಹಕ್ಕಿಯೆಂದರೆ ಕಾಗೆ ಮತ್ತು ಪಾರಿವಾಳ, ಅಷ್ಟೇ ಎಂದುಕೊಂಡಿದ್ದೆ.

2016ರ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿದ ಈ ಕೆರೆಯ ಸುತ್ತ ವಾಕಿಂಗ್‌ಗೆ ಬರುವವರು ಒಂದು ಬಗೆ, ಕೊರಳಿಗೆ ದುರ್ಬೀನು ಹಾಕಿಕೊಂಡು ಹೆಜ್ಜಾರ್ಲೆಗಳನ್ನು ನೋಡಲು ಬರುವವರು ಇನ್ನೊಂದು ಬಗೆ. ನಾನು ಮೊದಲ ಬಗೆಯವರಲ್ಲಿ ಒಬ್ಬ. ಎರಡನೆಯ ಬಗೆಯ ಏಳೆಂಟು ಜನ ಒಂದು ಬಿಲ್ವದ ಸಸಿಯ ಸುತ್ತ ಬಗ್ಗಿ ನಿಂತಿದ್ದರು. ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿರುವಂತೆ ಕಂಡಿತು. ಅವರಲ್ಲೊಬ್ಬರು ಹುಲ್ಲುಕಡ್ಡಿಯಿಂದ ಮೆಲ್ಲನೆ ಮುಟ್ಟಿದಾಗ ಆ ಹಿಕ್ಕೆ ತಲೆಯೆತ್ತಿ, ಕತ್ತಿನ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬೊಂದನ್ನು ಹೊರಚಾಚಿತು. ಜೊತೆಗೇ ಕೊಳೆತ ನಿಂಬೆಯಂಥ ಘಾಟು ವಾಸನೆ. ಅದು ನಿಂಬೆ ಚಿಟ್ಟೆಯ ಮರಿಹುಳ ಎಂದು ಅವರು ಹೇಳುವ ಮೊದಲೇ ನನಗೆ ಅದರ ಗುರುತು ಸಿಕ್ಕಿತ್ತು, ಏಕೆಂದರೆ ಹಿಂದಿನ ವಾರವಷ್ಟೇ ಅಂಥ ನಾಲ್ಕನ್ನು ನಾನು ಹೊಸಕಿದ್ದೆ.

ಮನೆಗೆ ಬಂದು ಕರಿಬೇವಿನ ಗಿಡವನ್ನು ಹುಡುಕಿದರೆ ಚಿಗುರಿನ ಬಳಿ ಸಾಸಿವೆಗಿಂತ ಚಿಕ್ಕದಾದ, ಮಾಸಲು ಹಳದಿಯ ಒಂಟಿ ಮೊಟ್ಟೆಗಳು ಅಲ್ಲಲ್ಲಿ ಇದ್ದವು. ಅವುಗಳನ್ನು ಬಿಟ್ಟುಬಿಟ್ಟೆ. ನಾನು ಮಾಡಿದ ಕೆಲಸ ಇಷ್ಟೇ, ಆದರೆ ಉಳಿದದ್ದೆಲ್ಲ ಇದರಿಂದಲೇ ಆರಂಭವಾಯಿತು. ಹುಳಗಳು ಎರಡು ಮೂರು ವಾರ ತಿಂದವು, ಗಿಡ ಅರ್ಧ ಬೋಳಾಯಿತು, ಮುಂದಿನ ಮಳೆಗೆ ಮತ್ತೆ ಚಿಗುರಿತು. ಸಾರಿನ ಒಗ್ಗರಣೆಗೆ ಸೊಪ್ಪು ಸಾಲದ ದಿನಗಳಲ್ಲಿ ಮನೆಯಲ್ಲಿ ಒಂದಿಷ್ಟು ಗೊಣಗಾಟ ಆಯಿತೆಂಬುದನ್ನು ಮುಚ್ಚಿಡುವುದಿಲ್ಲ. ಆಮೇಲೆ ಎರಡನೆಯ ಕರಿಬೇವಿನ ಗಿಡ ನೆಟ್ಟೆ.

ಮೊದಲ ವರ್ಷದ ಒಂದು ತಪ್ಪನ್ನು ಹೇಳಬೇಕು. ಓತಿಕ್ಯಾತ ಹುಳಗಳನ್ನು ತಿನ್ನುತ್ತದೆಂದು ಮರುಗಿ ಆರು ಹುಳಗಳನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿದೆ. ಗಿಡದ ಸೊಪ್ಪು ಮುಗಿದಾಗ ಮಾರುಕಟ್ಟೆಯಿಂದ ತಂದ ಕರಿಬೇವನ್ನು ತೊಳೆದು ಕೊಟ್ಟೆ. ಮಾರನೆಯ ಬೆಳಿಗ್ಗೆ ಆರೂ ಕಪ್ಪಾಗಿ ಜೋತುಬಿದ್ದಿದ್ದವು. ಸೊಪ್ಪಿನಲ್ಲಿ ಕೀಟನಾಶಕ ಉಳಿದಿತ್ತೆಂಬುದನ್ನು ಬಿಟ್ಟರೆ ನನಗೆ ಬೇರೆ ಕಾರಣ ಹೊಳೆಯಲಿಲ್ಲ. ಅದೇ ಸೊಪ್ಪನ್ನು ನಾವೂ ತಿಂದಿದ್ದೆವು. ಅಂದಿನಿಂದ ಹುಳಗಳನ್ನು ಗಿಡದಲ್ಲೇ ಬಿಡುತ್ತೇನೆ, ಓತಿಕ್ಯಾತಕ್ಕೂ ಅದರ ಪಾಲು ಸಿಗುತ್ತದೆ. ನರ್ಸರಿಯಿಂದ ಹೂಬಿಟ್ಟ ಗಿಡ ತರುವುದನ್ನೂ ಕಡಿಮೆ ಮಾಡಿದೆ. ಬೇರಿನಿಂದ ಹೀರಿ ಎಲೆ, ಹೂವುಗಳಿಗೆಲ್ಲ ಹರಡುವಂಥ ಔಷಧಿ ಹಾಕಿದ್ದರೆ ಚಿಟ್ಟೆಯನ್ನು ಕರೆದು ವಿಷವಿಕ್ಕಿದಂತೆಯೇ ಆಗುತ್ತದೆ. ಬೀಜದಿಂದ ಅಥವಾ ಪರಿಚಿತರ ತೋಟದ ಕಡ್ಡಿಯಿಂದ ಬೆಳೆಸುವುದು ನಿಧಾನವಾದರೂ ನಿಶ್ಚಿಂತೆಯ ದಾರಿ.

ಕೋಶಗಳ ವಿಷಯದಲ್ಲೂ ಒಂದು ಪಾಠವಾಯಿತು. ಹಿತ್ತಿಲ ಗೋಡೆಗೆ ಅಂಟಿದ್ದ ಒಂದು ಕೋಶವನ್ನು ಹತ್ತು ಹನ್ನೆರಡು ದಿನ ಕಾದು ನೋಡಿದರೆ, ಚಿಟ್ಟೆಯ ಬದಲು ಸೂಜಿಯ ಮೊನೆಯಷ್ಟು ತೂತಿನಿಂದ ಹತ್ತಾರು ಪುಟ್ಟ ಕಣಜಗಳು ಹೊರಬಂದವು. ಹುಳ ಕೋಶವಾಗುವ ಹೊತ್ತಿಗೆ ಸರಿಯಾಗಿ ಕಾದಿದ್ದು ಅದರೊಳಗೆ ಮೊಟ್ಟೆಯಿಡುವ ಪರಾವಲಂಬಿ ಕಣಜಗಳು ಅವು. ಅಂದು ಬಹಳ ಬೇಸರವಾಗಿತ್ತು. ಟೊಮೇಟೊ, ಬದನೆಗಳ ಹುಳವನ್ನು ನನ್ನ ಪರವಾಗಿ ಹದ್ದಿನಲ್ಲಿಡುತ್ತಿರುವುದು ಇವುಗಳ ದಾಯಾದಿಗಳೇ ಎಂದು ತಿಳಿದ ಮೇಲೆ ಬೇಸರ ಅರ್ಧಕ್ಕಿಳಿಯಿತು, ಪೂರ್ತಿ ಹೋಗಿಲ್ಲ.

ಈ ನಡುವೆ ಭಾನುವಾರದ ಗುಂಪಿನ ಜೊತೆ ತಿಂಗಳಿಗೆ ಎರಡು ಬಾರಿಯಾದರೂ ಹೋಗತೊಡಗಿದೆ, ಕೆಲವೊಮ್ಮೆ ಕಾರಂಜಿ ಕೆರೆಗೆ, ಕೆಲವೊಮ್ಮೆ ಲಿಂಗಾಂಬುಧಿ ಕೆರೆಗೆ. ಅದರಿಂದ ನನ್ನ ಹಿತ್ತಿಲಿಗೆ ಆದ ಲಾಭಕ್ಕೆ ಒಂದು ಉದಾಹರಣೆ ಸಾಕು. ಕೆಂಪು ಚುಕ್ಕೆಗಳ ಕಪ್ಪು ಚಿಟ್ಟೆಯೊಂದು ಕರಿಬೇವಿನ ಬಳಿ ಸುಳಿಯುತ್ತಿದ್ದುದನ್ನು ಫೋಟೋ ತೆಗೆದು, ಕ್ರಿಮ್ಸನ್ ರೋಸ್ ಬಂದಿದೆಯೆಂದು ಹೆಮ್ಮೆಯಿಂದ ತೋರಿಸಿದೆ. ಗುಂಪಿನ ಹಿರಿಯರೊಬ್ಬರು ರೆಕ್ಕೆಯನ್ನು ಬಿಟ್ಟು ಮೈಯನ್ನು ನೋಡಿ ಎಂದರು. ಕ್ರಿಮ್ಸನ್ ರೋಸ್‌ಗೆ ಮೈಯೂ ಕೆಂಪು. ನನ್ನ ಚಿತ್ರದ ಚಿಟ್ಟೆಯ ಮೈ ಕಪ್ಪಾಗಿತ್ತು. ಅದು ಕಾಮನ್ ಮಾರ್ಮನ್ ಚಿಟ್ಟೆಯ ಹೆಣ್ಣು. ಈ ಜಾತಿಯ ಹೆಣ್ಣುಗಳಲ್ಲಿ ಕೆಲವು ಗಂಡನ್ನೇ ಹೋಲುತ್ತವೆ, ಕೆಲವು ಕಾಮನ್ ರೋಸ್ ಚಿಟ್ಟೆಯ ವೇಷ ಹಾಕುತ್ತವೆ, ಇನ್ನು ಕೆಲವು ಕ್ರಿಮ್ಸನ್ ರೋಸ್‌ನ ವೇಷ ಹಾಕುತ್ತವೆ. ರೋಸ್ ಚಿಟ್ಟೆಗಳು ಮರಿಹುಳವಾಗಿದ್ದಾಗ ಈಶ್ವರಿ ಬಳ್ಳಿಯನ್ನು ತಿಂದು ಅದರ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುವುದರಿಂದ ಹಕ್ಕಿಗಳು ಅವನ್ನು ಒಲ್ಲವು, ಮಾರ್ಮನ್ ಆ ಅಂಜಿಕೆಯ ಫಲವನ್ನು ಪುಕ್ಕಟೆಯಾಗಿ ಉಣ್ಣುತ್ತದೆ. ಬಣ್ಣ ಮಾತ್ರವಲ್ಲ, ನಿಧಾನವಾಗಿ ತೇಲುವ ಹಾರಾಟವನ್ನೂ ಅದು ನಕಲು ಮಾಡುತ್ತದೆ. ನಾನೊಬ್ಬನೇ ಹಿತ್ತಿಲಿನಲ್ಲಿ ಕೂತು ಹತ್ತು ವರ್ಷ ನೋಡಿದ್ದರೂ ಇದನ್ನು ಕಂಡುಹಿಡಿಯುತ್ತಿರಲಿಲ್ಲ.

ನಕಲು ಇದ್ದ ಮೇಲೆ ಅಸಲೂ ಇರಲೆಂದು ಈಶ್ವರಿ ಬಳ್ಳಿಯ ಬೀಜವನ್ನು ಗುಂಪಿನವರಿಂದಲೇ ಪಡೆದು ಕಾಂಪೌಂಡಿನ ತಂತಿಗೆ ಹಬ್ಬಿಸಿದೆ. ಎರಡನೆಯ ಮಳೆಗಾಲದಲ್ಲಿ ಕ್ರಿಮ್ಸನ್ ರೋಸ್ ಬಂದು ಮೊಟ್ಟೆಯಿಟ್ಟಿತು. ಈ ಬಳ್ಳಿ ನೆಡುವವರಿಗೆ ಎರಡು ಮಾತು. ದೊಡ್ಡ ಹೂವಿನ, ಅಲಂಕಾರಕ್ಕೆಂದು ಮಾರುವ ವಿದೇಶಿ ಜಾತಿಗಳು ಬೇಡ. ಆಸ್ಟ್ರೇಲಿಯಾದಲ್ಲಿ ಅಂಥದೊಂದು ಜಾತಿಯ ಮೇಲೆ ಅಲ್ಲಿನ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ಮೊಟ್ಟೆಯಿಟ್ಟು ಮರಿಗಳೆಲ್ಲ ಸಾಯುತ್ತಿದ್ದುದು ದಾಖಲಾಗಿದೆ. ಎರಡನೆಯದು, ಹಾವಿನ ವಿಷಕ್ಕೆ ಮದ್ದೆಂದು ಯಾರಾದರೂ ಅದರ ಬೇರನ್ನು ಕೇಳಿದರೆ ಕೊಡಬಾರದು, ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ.

ಎಕ್ಕದ ಗಿಡದ ಕಥೆ ಬೇರೆ. ಗೇಟಿನ ಪಕ್ಕ ತಾನಾಗಿ ಹುಟ್ಟಿದ ಎಕ್ಕವನ್ನು ನಾನು ಕೀಳಲಿಲ್ಲವೆಂದು ಎದುರು ಮನೆಯ ಅಜ್ಜಿಗೆ ನಿಜವಾದ ಆತಂಕವಾಯಿತು. ಹಾಳಾಗಿ ಹೋಗು ಎನ್ನುವುದಕ್ಕೆ ನಮ್ಮ ಕಡೆ ಎಕ್ಕುಟ್ಟೋಗು ಎಂದೇ ಬೈಯುವುದು. ಎಕ್ಕ ಹುಟ್ಟುವುದು ಪಾಳುಬಿದ್ದ ಮನೆಯಂಗಳದಲ್ಲಿ, ಅದನ್ನು ನೀರೆರೆದು ಸಾಕುವವರುಂಟೇ? ರಥಸಪ್ತಮಿಯ ದಿನ ತಲೆ, ಭುಜಗಳ ಮೇಲಿಟ್ಟು ಸ್ನಾನ ಮಾಡಲು ಎಕ್ಕದ ಎಲೆ ಹುಡುಕಿಕೊಂಡು ಮೂರು ರಸ್ತೆ ಅಲೆಯುತ್ತೀರಲ್ಲ, ಇನ್ನು ಮುಂದೆ ಇಲ್ಲಿಂದಲೇ ಒಯ್ಯಿರಿ ಎಂದು ಹೇಳಿದೆ. ಆ ವಾದ ಗೆದ್ದಿತು. ಈಗ ಆ ಗಿಡದ ಮೇಲೆ ಪ್ಲೇನ್ ಟೈಗರ್ ಚಿಟ್ಟೆಯ ಪಟ್ಟೆ ಪಟ್ಟೆ ಮರಿಗಳು ವರ್ಷದ ಬಹುಪಾಲು ಇರುತ್ತವೆ, ಹೂವಿಗೆ ದೊಡ್ಡ ಕಪ್ಪು ದುಂಬಿಗಳು ಬರುತ್ತವೆ. ದುಂಬಿಗಳಿಗೆ ಗೂಡು ಕೊರೆಯಲು ಸತ್ತ ಮರ ಬೇಕು. ಗಾಳಿಗೆ ಮುರಿದ ನುಗ್ಗೆಯ ಕಾಂಡವನ್ನು ಗೋಡೆಗೊರಗಿಸಿ ನಿಲ್ಲಿಸಿದ್ದೇ ಅವುಗಳಿಗೆ ಮನೆಯಾಯಿತು.

ದೇಶೀ ಗಿಡಗಳೇ ಆಗಬೇಕೆಂಬ ಹಟ ನನಗಿಲ್ಲ. ನಮ್ಮ ಹಿತ್ತಿಲಿನ ಗಸಗಸೆ ಹಣ್ಣಿನ ಮರ ಮೂಲತಃ ಅಮೆರಿಕದ ಉಷ್ಣವಲಯದ್ದು, ಆದರೆ ಪಿಕಳಾರ, ಕುಟ್ರು, ಬದನಿಕೆ ಹಕ್ಕಿಗಳು ಅದರ ಜಾತಕ ಕೇಳುವುದಿಲ್ಲ. ಹಣ್ಣು, ಮಕರಂದಗಳ ಮಟ್ಟಿಗೆ ಬಂದವರೆಲ್ಲ ಹೊಂದಿಕೊಳ್ಳುತ್ತಾರೆ, ಮರಿಹುಳಗಳು ಮಾತ್ರ ಹೊಂದಿಕೊಳ್ಳುವುದಿಲ್ಲ. ಅವುಗಳಿಗೆ ತಮ್ಮ ತಲೆಮಾರುಗಳು ತಿಂದ ಗಿಡವೇ ಬೇಕು. ಆದ್ದರಿಂದ ಜಾಗ ಕಡಿಮೆಯಿರುವವರು ಹೂವಿಗಿಂತ ಮೊದಲು ಎಲೆಯ ಲೆಕ್ಕ ಹಾಕಬೇಕೆಂಬುದು ನನ್ನ ಅಭಿಪ್ರಾಯ.

ನೀರಿಗೆ ಎರಡಿಂಚು ಆಳದ ಮಣ್ಣಿನ ತಟ್ಟೆಯೊಂದನ್ನು, ಬೆಕ್ಕು ಹೊಂಚು ಹಾಕದಂತೆ ಪೊದೆಯಿಂದ ಐದಾರು ಅಡಿ ದೂರದಲ್ಲಿ ಇಟ್ಟಿದ್ದೇನೆ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ತೆಂಗಿನ ನಾರಿನಿಂದ ಅಂಚನ್ನು ತಿಕ್ಕುತ್ತೇನೆ. ಡೆಂಗ್ಯೂ ಹರಡುವ ಸೊಳ್ಳೆ ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುವುದರಿಂದ ಬರೀ ನೀರು ಚೆಲ್ಲಿದರೆ ಸಾಲದು.

ಎಲೆ ಸುಡುವುದನ್ನು ನಿಲ್ಲಿಸಿದ್ದರ ಫಲ ಬರಲು ಮೂರು ವರ್ಷ ಹಿಡಿಯಿತು. ಸಪೋಟ ಮರದ ಕೆಳಗೆ ಎಲೆಗಳು ನಾಲ್ಕು ಬೆರಳು ದಪ್ಪ ಕೊಳೆತು, ಅಡಿಯಲ್ಲಿ ಎರೆಹುಳ, ಸಹಸ್ರಪದಿಗಳು ಸೇರಿದ್ದವು. ಹಾವು ಬಂದೀತೆಂದು ಪಕ್ಕದ ಮನೆಯವರು ಹೇಳಿದ್ದರಲ್ಲಿ ನ್ಯಾಯವಿತ್ತು. ಅದಕ್ಕೆ ಎಲೆರಾಶಿಯನ್ನು ಗೋಡೆಯಿಂದಲೂ ನಡೆಯುವ ದಾರಿಯಿಂದಲೂ ದೂರ, ಒಂದೇ ಕಡೆ ಇಟ್ಟೆ, ರಾತ್ರಿ ಟಾರ್ಚ್ ಇಲ್ಲದೆ ಹಿತ್ತಿಲಿಗೆ ಇಳಿಯುವುದನ್ನು ಬಿಟ್ಟೆ. ಒಂದು ಅಕ್ಟೋಬರ್ ಮುಂಜಾನೆ ಆ ಎಲೆಗಳ ನಡುವೆ ಏನೋ ಕುಪ್ಪಳಿಸುತ್ತಿರುವ ಸದ್ದು ಕೇಳಿ ಅಡುಗೆಮನೆಯ ಕಿಟಕಿಯಿಂದ ನೋಡಿದರೆ, ಹಸಿರು ಬೆನ್ನು, ಕೆಂಪು ಕಿಬ್ಬೊಟ್ಟೆ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಮೋಟುಬಾಲದ ನವರಂಗ. ಮಧ್ಯಭಾರತದ ಕಾಡುಗಳಲ್ಲಿ, ಹಿಮಾಲಯದ ತಪ್ಪಲಲ್ಲಿ ಮರಿಮಾಡಿ, ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುವ ಹಕ್ಕಿಯದು. ರಾತ್ರಿಯೆಲ್ಲ ಹಾರಿ ದಣಿದು ಇಳಿದಿದ್ದಿರಬೇಕು. ಎರಡು ದಿನ ಎಲೆ ತಿರುವಿ ಹುಳ ಹೆಕ್ಕಿತು, ಮೂರನೆಯ ದಿನ ಇರಲಿಲ್ಲ. ಆ ಎರಡು ದಿನವೂ ನಾವು ಬಟ್ಟೆಯನ್ನು ಮಹಡಿಯಲ್ಲೇ ಒಣಗಿಸಿದೆವು.

ಎಣಿಕೆಗೆ ಸೇರಿದ್ದು ಇದೇ ಗುಂಪಿನ ಒತ್ತಾಯದಿಂದ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. ಅಮೆರಿಕದಲ್ಲಿ 1998ರಲ್ಲಿ ಆರಂಭವಾದ ಈ ಎಣಿಕೆಯಲ್ಲಿ ಭಾರತದವರು 2013ರಿಂದ ಭಾಗವಹಿಸುತ್ತಿದ್ದಾರೆ. ಕನಿಷ್ಠ 15 ನಿಮಿಷ ಒಂದು ಕಡೆ ಕೂತು ಕಂಡ ಮತ್ತು ಕೇಳಿದ ಎಲ್ಲ ಹಕ್ಕಿಗಳನ್ನೂ ಎಣಿಸಿ, ಹಕ್ಕಿಗಳ ಪಟ್ಟಿಗಳನ್ನು ಸಂಗ್ರಹಿಸುವ ಇ-ಬರ್ಡ್ ಜಾಲತಾಣಕ್ಕೆ ಸೇರಿಸಬೇಕು, ಕೆರೆಗೋ ಕಾಡಿಗೋ ಹೋಗಲೇಬೇಕೆಂದಿಲ್ಲ. ಮೊದಲ ವರ್ಷ ನಾನು ಕಾಗೆ, ಪಾರಿವಾಳಗಳನ್ನು ಬಿಟ್ಟು ಏಳು ಜಾತಿ ಬರೆದಿದ್ದೆ. ಅವನ್ನೇಕೆ ಬಿಟ್ಟಿರಿ ಎಂದು ಗುಂಪಿನವರು ಕೇಳಿದರು. ಸಾಮಾನ್ಯವೆಂದು ಯಾರೂ ಬರೆಯದೇ ಹೋದರೆ ಸಾಮಾನ್ಯವಾದದ್ದು ಯಾವಾಗ ಕಡಿಮೆಯಾಯಿತೆಂದು ಯಾರಿಗೂ ತಿಳಿಯುವುದಿಲ್ಲ. ಇಂಥ ಪಟ್ಟಿಗಳನ್ನೇ ಆಧರಿಸಿ 2020ರಲ್ಲಿ ಪ್ರಕಟವಾದ ದೇಶದ ಹಕ್ಕಿಗಳ ಸ್ಥಿತಿಗತಿ ವರದಿಯು, ಗುಬ್ಬಚ್ಚಿ ಒಟ್ಟಾರೆಯಾಗಿ ಸ್ಥಿರವಾಗಿದೆ, ಕಡಿಮೆಯಾಗಿರುವುದು ಮಹಾನಗರಗಳಲ್ಲಿ ಎಂದು ಹೇಳಲು ಸಾಧ್ಯವಾಯಿತು. ಮೈಸೂರಿನವರಿಗೆ ಈ ಕೆಲಸ ಹೊಸದೂ ಅಲ್ಲ. 2014ರಿಂದ 2016ರವರೆಗೆ ಇಡೀ ನಗರವನ್ನು ಚೌಕಗಳಾಗಿ ಭಾಗಿಸಿ ಯಾವ ಹಕ್ಕಿ ಎಲ್ಲಿದೆಯೆಂದು ತೋರಿಸುವ ನಕ್ಷೆಗಳ ಅಟ್ಲಾಸ್ ಮಾಡಿದವರು ಇಲ್ಲಿನ ಹವ್ಯಾಸಿಗಳೇ. ನಾನು ಸೇರುವ ಹೊತ್ತಿಗೆ ಆ ಕೆಲಸ ಮುಗಿದೇಹೋಗಿತ್ತೆಂಬ ಕೊರಗು ಇನ್ನೂ ಇದೆ.

ಎಣಿಸಲು ಕೂತ ಮೇಲೆ ಕಿವಿ ಚುರುಕಾಯಿತು. ಪೊದೆಯೊಳಗಿನಿಂದ ಚಳಿಗಾಲವಿಡೀ ಚಕ್ ಚಕ್ ಎನ್ನುತ್ತಿದ್ದದ್ದು ಅಳಿಲೆಂದುಕೊಂಡಿದ್ದೆ, ಅದು ಬ್ಲೈತ್ಸ್ ರೀಡ್ ವಾರ್ಬ್ಲರ್ ಎಂಬ ಬೂದುಗಂದು ವಲಸೆಹಕ್ಕಿ. ಏಪ್ರಿಲ್ ಬಂದೊಡನೆ ಆ ಸದ್ದು ನಿಲ್ಲುತ್ತದೆ. ಸೆಪ್ಟೆಂಬರ್‌ನಲ್ಲಿ ಚಿಟ್ಟೆಗಳ ಎಣಿಕೆಯಿರುತ್ತದೆ, ಜುಲೈ ಕೊನೆಯಲ್ಲಿ ಪತಂಗಗಳದ್ದು. ಮಹಡಿಯಲ್ಲಿ ಹಳೆಯ ಬಿಳಿ ಪಂಚೆಯನ್ನು ಹಗ್ಗಕ್ಕೆ ಕಟ್ಟಿ ದೀಪ ಹಚ್ಚಿಟ್ಟರೆ ಬರುವವರೆಲ್ಲ ಬರುತ್ತಾರೆ. ನಂದಿಬಟ್ಟಲನ್ನು ಬೋಳಿಸುತ್ತಿದ್ದ, ನೀಲಿ ಕಣ್ಣಿನ ಗುರುತುಳ್ಳ ದಪ್ಪ ಹಸಿರು ಹುಳ ಮುಂದೆ ಏನಾಗುತ್ತದೆಂದು ಗೊತ್ತಾದದ್ದು ಆ ಪಂಚೆಯ ಮೇಲೆಯೇ. ಅಂಗೈ ಅಗಲದ, ಹಸಿರು ಅಮೃತಶಿಲೆಯಂಥ ಕಣಗಿಲೆ ಪತಂಗ ಅದು.

ಈಗ ನನ್ನ ಫೆಬ್ರುವರಿಯ ಪಟ್ಟಿಯಲ್ಲಿ ನಾಲ್ಕು ದಿನಕ್ಕೆ ಸೇರಿ ಇಪ್ಪತ್ತಮೂರು, ಇಪ್ಪತ್ತನಾಲ್ಕು ಜಾತಿಗಳಿರುತ್ತವೆ. ಎಲ್ಲವೂ ಏರುತ್ತಲೇ ಇದೆಯೆಂದಲ್ಲ. ಎಡಗಡೆಯ ಖಾಲಿ ನಿವೇಶನದಲ್ಲಿ ಎದೆಯೆತ್ತರ ಹುಲ್ಲು ಬೆಳೆದು, ಅದರ ಬೀಜ ತಿನ್ನಲು ಚುಕ್ಕೆ ರಾಟವಾಳಗಳು ಹದಿನೈದು ಇಪ್ಪತ್ತರ ಹಿಂಡಿನಲ್ಲಿ ಬಂದು ನಮ್ಮ ತಂತಿಯ ಮೇಲೆ ಸಾಲಾಗಿ ಕೂರುತ್ತಿದ್ದವು. ಎರಡು ವರ್ಷದ ಹಿಂದೆ ಅಲ್ಲಿ ಮನೆಯೆದ್ದಿತು, ಅವರ ಜಾಗ, ಅವರು ಕಟ್ಟಿಕೊಂಡರು. ಆ ಬಳಿಕದ ಎರಡೂ ಎಣಿಕೆಗಳಲ್ಲಿ ರಾಟವಾಳ ಇಲ್ಲ. ಬಟ್ಟೆ ಒಗೆಯುವ ಕಲ್ಲಿನ ಹಿಂದಿನ ಹತ್ತಡಿ ಉದ್ದದ ಪಟ್ಟಿಯಲ್ಲಿ ನಾನು ಈ ಸಲ ಹುಲ್ಲನ್ನು ಕೊಯ್ಯದೆ ತೆನೆಗಟ್ಟಲು ಬಿಟ್ಟಿದ್ದೇನೆ. ಇಲ್ಲಿಯವರೆಗೆ ಬಂದಿರುವುದು ಎರಡು ಗುಬ್ಬಚ್ಚಿ.