ಅಡಿಕೆ ಹಾಳೆ ಮೇಲೆ ಕಣ್ಣಿನ ನರದ ದಾರಿ ಹೊಲಿಯೋದು ಹೇಗೆ

ಎರಡು ಕಣ್ಣಿನ ನರ ಸೇರುವ ಜಾಗ ಅಂದ್ರೆ ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿದ ಹಾಗೆ ಅಂತ ನರ್ಸಿಂಗ್ ಓದುವ ಅಕ್ಕನ ಮಗಳಿಗೆ ನಾನೇ ಹೇಳಿಕೊಟ್ಟಿದ್ದೆ. ತಪ್ಪು. ಕೂಡ್ಲಿ ದಾಟಿದ ಮೇಲೆ ಯಾವ ನೀರು ಯಾವುದು ಅಂತ ಗೊತ್ತಾಗುವುದಿಲ್ಲ, ಇಲ್ಲಿ ಹಾಗಲ್ಲ, ಒಂದೊಂದು ಎಳೆಗೂ ತನ್ನದೇ ದಾರಿ. ಹೊಲಿದು ನೋಡಿದರೆ ಮರೆಯುವುದಿಲ್ಲ.

ತೋಟದಿಂದ ಒಂದು ಹಾಳೆ ತಂದು ಚೆನ್ನಾಗಿ ನೆನೆಸಿ, ಒಣ ಹಾಳೆಗೆ ದಬ್ಬಳ ಹಾಕಿದರೆ ಉದ್ದಕ್ಕೆ ಸೀಳುತ್ತದೆ (ನನ್ನ ಮೊದಲ ಹಾಳೆ ಒಲೆಗೆ ಹೋಯ್ತು). ಕೆಂಪು ನೂಲು, ನೀಲಿ ನೂಲು ಇಟ್ಟುಕೊಳ್ಳಿ. ಮೇಲಿನ ತುದಿಯಲ್ಲಿ ಎರಡು ಕಣ್ಣು ಬರೆಯಿರಿ. ಪ್ರತಿ ಕಣ್ಣಿನ ಹಿಂದೆ ಎರಡು ತೂತು: ಮೂಗಿನ ಕಡೆಗೊಂದು, ಕಿವಿ ಕಡೆಗೊಂದು.

ಕಣ್ಣಿಗೊಂದು ಬಣ್ಣ ಅಂದುಕೊಂಡರೆ ಅಲ್ಲೇ ಎಡವಿದಿರಿ. ಬಲಗಡೆ ಕಾಣುವ ನೋಟಕ್ಕೆ ಕೆಂಪು, ಎಡಗಡೆಯದಕ್ಕೆ ನೀಲಿ. ಕಣ್ಣೊಳಗೆ ಚಿತ್ರ ತಿರುಗುಮುರುಗು ಬೀಳುತ್ತದಲ್ವಾ, ಹಾಗಾಗಿ ಕೆಂಪು ನೂಲು ಎಡಗಣ್ಣಿನ ಕಿವಿ ಕಡೆಯಿಂದ ಮತ್ತು ಬಲಗಣ್ಣಿನ ಮೂಗಿನ ಕಡೆಯಿಂದ ಹೊರಡುತ್ತದೆ. ನೀಲಿ ಉಳಿದೆರಡರಿಂದ. ಮಧ್ಯದಲ್ಲಿ ಮೂಗಿನ ಕಡೆಯ ನೂಲುಗಳನ್ನು ಮಾತ್ರ ದಾಟಿಸಿ. ಈಗ ಕೆಂಪೆಲ್ಲ ಎಡಕ್ಕೆ, ನೀಲಿಯೆಲ್ಲ ಬಲಕ್ಕೆ ಬಂತು ನೋಡಿ.

ನಿಜದಲ್ಲಿ ಒಂದು ಕಣ್ಣಿಂದ ಸುಮಾರು 10 ಲಕ್ಷ ಎಳೆ ಹೊರಡುತ್ತವೆ. ನಮ್ಮಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ದಾಟುತ್ತವೆ, ನೂರಕ್ಕೆ 53ರಷ್ಟು. ಕಣ್ಣು ಪಕ್ಕಕ್ಕಿರುವ ಇಲಿಯಲ್ಲಿ 95ಕ್ಕೂ ಜಾಸ್ತಿ.

ಹಾಳೆಯ ನಡುವೆ ಎರಡೂ ಕಡೆ ಗಂಟು ಹಾಕಿ. ಅದು ಮಿದುಳಿನ ನಡುವೆ ಇರುವ ಥಾಲಮಸ್ ಅನ್ನುವ ಭಾಗದ ನಿಲ್ದಾಣ, ಕಣ್ಣಿಂದ ಬಂದ ಎಳೆ ಇಲ್ಲಿ ಮುಗಿದು ಹೊಸ ಎಳೆ ಶುರುವಾಗುತ್ತದೆ. ಇಲ್ಲಿ ಆರು ಪದರ. 1, 4, 6ಕ್ಕೆ ಆಚೆ ಕಣ್ಣಿನವು, 2, 3, 5ಕ್ಕೆ ಅದೇ ಪಕ್ಕದ ಕಣ್ಣಿನವು. ಇಷ್ಟು ಹತ್ತಿರ ಬಂದರೂ ಬೆರೆಯುವುದಿಲ್ಲ! ಅಲ್ಲಿಂದ ಹೊಸ ನೂಲು ಕಟ್ಟಿ ತಲೆಯ ಹಿಂಭಾಗದವರೆಗೆ ಎಳೆಯಿರಿ.

ಈಗ ಬೆರಳಿಂದ ಒತ್ತಿ ನೋಡಿ. ದಾಟುವ ಮೊದಲು ಒತ್ತಿದರೆ ಒಂದು ಕಣ್ಣು ಹೋಯ್ತು. ದಾಟಿದ ಮೇಲೆ ಎಡಗಡೆ ಒತ್ತಿದರೆ ಎರಡೂ ಕಣ್ಣಿನ ಬಲ ಅರ್ಧ ಹೋಯ್ತು. ಸರಿಯಾಗಿ ದಾಟುವ ಜಾಗದಲ್ಲೇ, ನಡುವೆ ಒತ್ತಿದರೆ? ಅದರ ಕೆಳಗೇ ಇರುವ ಪಿಟ್ಯುಟರಿ ಗ್ರಂಥಿಯ ಗಡ್ಡೆ ಬೆಳೆದಾಗ ಆಗುವುದು ಇದೇ. ಎರಡೂ ಕಣ್ಣಿನ ಹೊರಗಡೆಯ ನೋಟ ಹೋಗುತ್ತದೆ. ಎದುರಿಗಿಟ್ಟ ಪೇಪರ್ ಓದುತ್ತಾರೆ, ಬಾಗಿಲು ದಾಟುವಾಗ ಭುಜ ಚೌಕಟ್ಟಿಗೆ ತಾಗಿಸಿಕೊಳ್ಳುತ್ತಾರೆ.