ಪಂಚಮಿ ಜೋಕಾಲಿಯೊಳಗ ‘ಜಿ’ ಹುಡುಕಿದ್ದು

ನಾನು ಗದಗ ಹತ್ರ ಒಂದು ಹಳ್ಳಿಯೊಳಗ ಪಿಯುಸಿ ಫಸ್ಟ್ ಇಯರ್ ಹುಡುಗ್ರಿಗೆ ಫಿಜಿಕ್ಸ್ ಟ್ಯೂಷನ್ ಹೇಳ್ತೀನಿ. ಆಸಿಲೇಷನ್ (ತೂಗಾಟ) ಪಾಠ ಪುಸ್ತಕದಾಗ ಕಡೀಕ ಬರ್ತದ, ಆದ್ರ ನಾ ಅದನ್ನ ಶ್ರಾವಣದಾಗ ತಗೋತೀನಿ, ಯಾಕಂದ್ರ ನಾಗರ ಪಂಚಮಿಗೆ ನಮ್ಮ ಕಡೆ ಗಿಡಕ್ಕ ಜೋಕಾಲಿ ಕಟ್ಟಿರ್ತಾರ, ಅಷ್ಟು ಉದ್ದಂದು ಲೋಲಕ ನಮ್ಮ ಯಾವ ಲ್ಯಾಬ್‌ನ್ಯಾಗೂ ನಾ ನೋಡಿಲ್ಲ.

ಹೋದ ವರ್ಷ ಹಬ್ಬದ ಮುಂಜಾನೆ ಶೇಂಗಾ ಉಂಡಿ ತಿಂದು ಎಂಟು ಹುಡುಗ್ರನ್ನ ಕರ್ಕೊಂಡು, ಟೇಪ್ ಹಿಡ್ಕೊಂಡು ಹುಣಸಿ ಗಿಡದ ಕೆಳಗ ಹೋದೆ. ಟೊಂಗಿಯಿಂದ ಹಲಗಿ ತನಕ 4.20 ಮೀಟರ್ ಇತ್ತು. ಒಬ್ಬಾಕಿನ್ನ ಕುಂದ್ರಿಸಿ, ಜೀಕಬ್ಯಾಡ ಸುಮ್ನ ಕುಂದ್ರು ಅಂತ ಹೇಳಿ ಸಣ್ಣಗ ತೂಗಿಬಿಟ್ವಿ. ಹತ್ತು ಸಲಕ್ಕ 36 ಸೆಕೆಂಡ್ ಅಂದ್ರು. ಉದ್ದ, ಟೈಮ್ ಎರಡೂ ಲೋಲಕದ ಫಾರ್ಮುಲಾಕ್ಕ ಹಾಕಿ ಲೆಕ್ಕ ಮಾಡಿದ್ರ ಜಿ (ಭೂಮಿ ಎಳೆತದ ವೇಗವರ್ಧನೆ, 9.8 ಹತ್ರ ಬರಬೇಕು) 12.8 ಬಂತು! ನೋಡಿದ್ರ ಕೈ ಬಿಟ್ಟ ಕೂಡ್ಲೇ ‘ಒಂದು’ ಅಂತ ಎಣಿಸಿದ್ರು, ಅಂದ್ರ ಅದು ಒಂಬತ್ತ ಸಲ ಆಗಿತ್ತು. ಈ ತಪ್ಪು ಪ್ರಾಕ್ಟಿಕಲ್ ಪರೀಕ್ಷೆದಾಗೂ ಭಾಳ ಮಂದಿ ಮಾಡ್ತಾರ, ‘ಸೊನ್ನೆ’ಯಿಂದ ಸುರು ಮಾಡ್ರಿ ಅಂತ ನಾ ಹತ್ತ ಸಲ ಹೇಳ್ತೀನಿ. ಇನ್ನೊಂದು, ವಾಚ್ ಒತ್ತೋದು ತುದಿಗಲ್ಲ, ನಡುವ ಕೆಳಗ ಬಂದಾಗ, ತುದಿಗೆ ಜೋಕಾಲಿ ನಿಂತಂಗ ಆಗ್ತದ, ಯಾವಾಗ ತಿರುಗ್ತು ಗೊತ್ತಾಗಂಗಿಲ್ಲ, ನಡುವ ವೇಗ ಜಾಸ್ತಿ ಇರ್ತದ, ದಾಟಿದ್ದು ಪಕ್ಕಾ ಕಾಣ್ತದ.

ಸರಿಯಾಗಿ ಎಣಿಸಿದ ಮ್ಯಾಲೆ 40 ಸೆಕೆಂಡ್, ಅಂದ್ರ ಟಿ (ಒಂದ್ ಸಲ ಹೋಗಿ ಬರೋ ಟೈಮ್) 4 ಸೆಕೆಂಡ್, ಜಿ 10.36. ಇನ್ನೂ ಹೆಚ್ಚ ಐತಿ. ಇಲ್ಲಿ ನಾ ಉತ್ತರ ಹೇಳ್ಲಿಲ್ಲ, ಕಾಯ್ದೆ. ಒಬ್ಬಾಂವ ‘ಅಕ್ಕೋರ, ಲೋಲಕದ ಗುಂಡಿನ ನಡುಮಟ ಅಳೀತೀವಲ್ರಿ, ಇಲ್ಲಿ ಗುಂಡು ಅಂದ್ರ ಆಕೀನ, ಹಲಗಿ ಅಲ್ಲ’ ಅಂದ. ನಂಗ ಎಷ್ಟು ಖುಷಿ ಆತು ಅಂದ್ರ ಅಲ್ಲೇ ಅವಂಗ ಇನ್ನೊಂದು ಉಂಡಿ ಕೊಟ್ಟೆ. ಕುಂತವರ ತೂಕದ ಕೇಂದ್ರ ಹಲಗಿಗಿಂತ ಸುಮಾರು 23 ಸೆಂಟಿಮೀಟರ್ ಮ್ಯಾಲ ಅಂತ ಹಿಡದ್ರ ಉದ್ದ 3.97, ಜಿ 9.8 ಹತ್ರ ಬಂದು ಕುಂತ್ತು.

ಆಮ್ಯಾಲೆ ಇಬ್ರನ್ನ ಬಾಜೂಕ ಬಾಜೂಕ ಕುಂದ್ರಿಸಿದ್ವಿ. ಭಾರ ಎರಡ್ಪಟ್ಟು, ಲಗೂ ಬರ್ತದ ಅಂತ ಅರ್ಧ ಮಂದಿ, ತಡಾ ಆಗ್ತದ ಅಂತ ಇನ್ನರ್ಧ ಮಂದಿ ಜಗಳ. ಮತ್ತ 40 ಸೆಕೆಂಡ್. ಆದ್ರ ಒಬ್ಬಾಕಿನ್ನ ಅಷ್ಟ ಹಲಗಿ ಮ್ಯಾಲೆ ನಿಂದ್ರಿಸಿದಾಗ 37ಕ್ಕ ಇಳೀತು, ಹಗ್ಗ ಅದೇ, ಗಿಡ ಅದೇ, ಕೇಂದ್ರ ಮ್ಯಾಲೆ ಹೋಗಿ ಲೋಲಕ ಗಿಡ್ಡ ಆತು. ಜೋರ್ ಜೀಕಿ 45 ಡಿಗ್ರಿ ಮಟ ಹೋದ್ರ ಟೈಮ್ 4% ಹೆಚ್ಚಾಗ್ತದ, ಫಾರ್ಮುಲಾ ಸಣ್ಣ ಕೋನಕ್ಕಷ್ಟ ಅಂತ ಪುಸ್ತಕದಾಗ ಬರ್ದಿದ್ದು ಇದಕ್ಕ.

ಮನಿಗೆ ಬಂದು ಸ್ಪ್ರಿಂಗಿಗೆ ತೂಕ ತೂಗಹಾಕಿ ತೋರಿಸ್ದೆ. ಅಲ್ಲಿ ಭಾರ ನಾಕ್ಪಟ್ಟು ಮಾಡಿದ್ರ ಟೈಮ್ ಹೆಚ್ಚುಕಡಿಮಿ ಎರಡ್ಪಟ್ಟು. ಯಾಕ ಅಂತ ಕೇಳಿದ್ರು. ಜೋಕಾಲಿಯೊಳಗ ವಾಪಸ್ ಎಳಿಯೋದು ತೂಕನ, ಭಾರ ಹೆಚ್ಚಾದಂಗ ಎಳೆತಾನೂ ಹೆಚ್ಚಾಗ್ತದ, ಎರಡೂ ಕಟ್ ಆಗ್ತಾವ. ಸ್ಪ್ರಿಂಗಿಗೆ ತನ್ನ ಬಿಗಿ ಅಷ್ಟ ಗೊತ್ತು, ನೀವೇನ್ ತೂಗಹಾಕೀರಿ ಅನ್ನೋದರ ಮ್ಯಾಲೆ ಅದು ಬದಲಾಗಂಗಿಲ್ಲ, ಅದಕ್ಕ ಭಾರ ಹೆಚ್ಚಾದ್ರ ತೂಗಾಟ ನಿಧಾನ ಆಗ್ತದ.

ನೀವೂ ಮಾಡೋದಿದ್ರ ಒಂದ್ ಮಾತು, ಹೊಸಾ ಹಗ್ಗ ಹಿಗ್ಗತದ, ಮೊದ್ಲ ಒಂದಿನ ಹುಡುಗ್ರು ಜೀಕಲಿ, ಮರುದಿನ ಒಬ್ರನ್ನ ಕುಂದ್ರಿಸಿನ ಟೇಪ್ ಹಿಡೀರಿ.